ಎಳೆಯ ನಾಯಿಮರಿಗೆ ಮನೆಯ ಶುಚಿಯನ್ನು ಕಲಿಸುವ ಕ್ರಮ

ತೋಟದ ಕಾವಲಿಗೂ, ಕುರಿಹಟ್ಟಿಯ ರಕ್ಷಣೆಗೂ, ಫಸಲಿಗೆ ಬೀಳುವ ಕಾಡುಹಂದಿಗಳನ್ನು ಬೆದರಿಸುವುದಕ್ಕೂ ನಾಯಿಯನ್ನು ಸಾಕುವುದು ಒಕ್ಕಲು ಮನೆಗಳಲ್ಲಿ ಬಹುಕಾಲದ ರೂಢಿ. ಆದರೆ ಎಳೆಯ ಮರಿಯನ್ನು ತಂದ ಮೊದಲನೆಯ ತಿಂಗಳಿನಲ್ಲಿಯೇ ಅನೇಕ ಮನೆಗಳಲ್ಲಿ ಬೇಸರ ಹುಟ್ಟುವುದುಂಟು. ಮರಿಯನ್ನು ತಂದವರು ಒಬ್ಬರು, ಪಡಸಾಲೆಯನ್ನು ಮೂರು ಸಲ ಸಾರಿಸುವವರು ಮತ್ತೊಬ್ಬರು; ಹೀಗಾಗಿ ಜಗಳವೂ ಹತ್ತುವುದು. ಮರಿಗೆ ಏಟು ಬೀಳುವುದು. ಕಡೆಗೆ ಅದನ್ನು ಊರ ಹೊರಗೆ ಬಿಟ್ಟು ಬರುವರು. ಹಾಗೆ ಬಿಟ್ಟ ಮರಿಯು ಸಾಯದೆ ಉಳಿದರೆ, ಲಸಿಕೆಯನ್ನು ಕಾಣದ ಬೀದಿನಾಯಿಯಾಗಿ ಬೆಳೆದು, ಹುಚ್ಚುನಾಯಿ ರೋಗವನ್ನು ಅದೇ ಊರಿನ ಮಕ್ಕಳಿಗೂ ದನಕರುಗಳಿಗೂ ತಂದೊಡ್ಡಬಹುದು. ಮರಿಯ ವಯೋಧರ್ಮವನ್ನು ಮನೆಯವರು ಅರಿಯದಿರುವುದೇ ಇಷ್ಟಕ್ಕೆಲ್ಲಾ ಮೂಲವಾದುದರಿಂದ ಅದನ್ನು ಮೊದಲು ವಿವರಿಸುವುದು ಯುಕ್ತ.

ನಾಯಿಯು ಸ್ವಭಾವತಃ ತಾನು ಮಲಗುವ ಜಾಗವನ್ನು ಕೆಡಿಸಲೊಲ್ಲದು. ಹುಟ್ಟಿದ ಮರಿಯು ಕಣ್ಣು ಬಿಡುವುದು ಸುಮಾರು ೧೦ ರಿಂದ ೧೪ ದಿನಗಳಿಗೆ. ಹೆಚ್ಚುಕಡಿಮೆ ಮೂರು ವಾರಗಳವರೆಗೆ ಅದು ತಾನಾಗಿ ಮಲಮೂತ್ರಗಳನ್ನು ವಿಸರ್ಜಿಸಲಾರದು. ತಾಯಿಯು ನೆಕ್ಕಿದಾಗಲೇ ವಿಸರ್ಜನೆಯಾಗುವುದು, ಶುಚಿ ಮಾಡುವುದೂ ತಾಯಿಯೇ. ತಾಯಿ ಸತ್ತ ಮರಿಗಳನ್ನು ಸಾಕುವವರು ಪ್ರತಿ ಸಲ ಹಾಲು ಕುಡಿಸಿದ ಮೇಲೆ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಬಾಲದ ಕೆಳಭಾಗವನ್ನು ಮೃದುವಾಗಿ ಒರಸಬೇಕಾದುದು ಇದರಿಂದಲೇ. ಮೂರು ವಾರಗಳು ಕಳೆದ ತರುವಾಯ ಮರಿಯು ತತ್ತರಿಸುತ್ತ ಹಾಸಿಗೆಯಿಂದ ನಾಲ್ಕು ಹೆಜ್ಜೆ ಆಚೆಗೆ ಹೋಗಿ ಕುಳಿತು ಹಿಂದಿರುಗುವುದು. ಇದನ್ನು ಯಾರೂ ಕಲಿಸಿರುವುದಿಲ್ಲ. ಏಳೆಂಟು ವಾರಗಳ ವಯಸ್ಸಿಗೆ ಬಂದಾಗ, ಯಾವ ಬಗೆಯ ನೆಲದ ಮೇಲೆ ಅದು ಹೆಚ್ಚಾಗಿ ವಿಸರ್ಜನೆ ಮಾಡುವುದೋ, ಮಣ್ಣೋ, ಹುಲ್ಲೋ, ಕಲ್ಲೋ, ಆ ನೆಲವೇ ಅದರ ಪಾದಕ್ಕೆ ರೂಢಿಯಾಗಿಬಿಡುವುದು. ಗೋಣಿತಾಟಿನ ಮೇಲೆ ಕಟ್ಟಿಹಾಕಿ ಬೆಳೆಸಿದ ಮರಿಯು ಮುಂದೆ ಮನೆಯ ಚಾಪೆ ಜಮಖಾನಗಳನ್ನೇ ಹುಡುಕಿಕೊಂಡು ಹೋದರೆ ಆಶ್ಚರ್ಯವಿಲ್ಲ.

ಆದುದರಿಂದ ಮರಿಯನ್ನು ತಾಯಿಯಿಂದ ಬೇಗನೆ ಅಗಲಿಸಕೂಡದು. ಸಂತೆಗಳಲ್ಲಿ ತಿಂಗಳ ಮರಿಗಳನ್ನು ಬುಟ್ಟಿಯಲ್ಲಿ ತುಂಬಿ ಮಾರುವುದನ್ನು ಈಗಲೂ ಕಾಣಬಹುದು. ಒಂದೇ ಇಕ್ಕಟ್ಟಾದ ಬುಟ್ಟಿಯಲ್ಲಿ ಮಲಗಿ ಅದರಲ್ಲಿಯೇ ಹೇಸಿಗೆ ಮಾಡಿಕೊಂಡ ಮರಿಗೆ ಹುಟ್ಟಿನಿಂದ ಬಂದ ಶುಚಿಬುದ್ಧಿ ಮೊಂಡಾಗುವುದು. ಅದನ್ನು ಮರಳಿ ತರುವುದು ಬಹು ಪ್ರಯಾಸ. ೨೦೧೭ರಲ್ಲಿ ಭಾರತ ಸರಕಾರವು ಹೊರಡಿಸಿದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳು ೮ ವಾರ ತುಂಬದ ಮರಿಯ ಮಾರಾಟವನ್ನು ನಿಷೇಧಿಸಿರುವುವು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯು ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಮುದ್ರಿತವಾಗುವಷ್ಟು ಪ್ರಸಿದ್ಧಿ ಪಡೆದ ತಳಿ. ಅದರ ಮರಿಯನ್ನು ಅಪೇಕ್ಷಿಸಿ ದೂರದೂರಿನಿಂದ ಬರುವವರು, ಹೆತ್ತ ತಾಯಿಯನ್ನೂ ಅದು ಮರಿಗಳನ್ನು ಇಟ್ಟುಕೊಂಡಿರುವ ಜಾಗವನ್ನೂ ಕಣ್ಣಾರೆ ನೋಡಿ, ಎಂಟು ವಾರ ತುಂಬಿದ ಮೇಲೆಯೇ ಒಯ್ಯುವುದು ಮೇಲು. ಜಾಗವು ಒಣಗಿ ಚೊಕ್ಕಟವಾಗಿದ್ದರೆ ಅರ್ಧ ಶಿಕ್ಷಣವು ಅಲ್ಲಿಯೇ ಆಗಿದೆಯೆಂದು ತಿಳಿಯಬಹುದು.

ಮನೆಗೆ ಬಂದ ಮರಿಯ ಮೂತ್ರಾಶಯವು ಎಷ್ಟು ಹೊತ್ತು ತಡೆಯಬಲ್ಲುದೆಂಬುದಕ್ಕೆ ಒಂದು ಸ್ಥೂಲವಾದ ಲೆಕ್ಕವಿದೆ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆಗಳೇ ಅದರ ಪರಮಾವಧಿ. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದೂ ಸುಮ್ಮನೆ ಮಲಗಿರುವಾಗ ಮಾತ್ರ. ಎದ್ದು ಓಡಾಡುತ್ತಿರುವ ಮರಿಯನ್ನು ಗಂಟೆಗೊಮ್ಮೆಯಾದರೂ ಹೊರಕ್ಕೆ ಒಯ್ಯಬೇಕು. ನಾಲ್ಕರಿಂದ ಆರು ತಿಂಗಳವರೆಗೆ ಅದಕ್ಕೆ ಪೂರ್ಣವಾದ ಹಿಡಿತ ಬಾರದು. ಎರಡು ವರುಷದ ಕೂಸು ಹಾಸಿಗೆಯನ್ನು ಒದ್ದೆ ಮಾಡಿದರೆ ತಪ್ಪೆಣಿಸದ ಮನೆಯವರು ಎರಡು ತಿಂಗಳ ಮರಿಯನ್ನು ಅಪರಾಧಿಯೆಂದು ನೋಡುವುದು ನ್ಯಾಯವಲ್ಲ.

ಗಂಟೆಯ ಲೆಕ್ಕಕ್ಕಿಂತಲೂ ಮುಖ್ಯವಾದುದು ಸಂದರ್ಭ. ನಿದ್ರೆಯಿಂದ ಎದ್ದ ಕೂಡಲೆ, ಆಟವಾಡಿದ ಮೇಲೆ, ಮತ್ತು ಉಂಡ ತರುವಾಯ ೧೫ ರಿಂದ ೩೦ ನಿಮಿಷಗಳೊಳಗೆ ಮರಿಗೆ ವಿಸರ್ಜನೆಯ ಒತ್ತಡ ಬರುವುದು. ಆಹಾರವು ಹೊಟ್ಟೆಗೆ ಇಳಿದೊಡನೆ ದೊಡ್ಡ ಕರುಳು ಚಲಿಸಲಾರಂಭಿಸುವುದೇ ಊಟದ ನಂತರದ ಒತ್ತಡಕ್ಕೆ ಕಾರಣ. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ, ಮುಂದೆ ಆರು ತಿಂಗಳವರೆಗೆ ಮೂರು ಸಲ ಗೊತ್ತಾದ ಹೊತ್ತಿಗೆ ಉಣಿಸಿದರೆ, ಅದು ಹೊರಕ್ಕೆ ಹೋಗುವ ಹೊತ್ತೂ ತಾನಾಗಿ ಗೊತ್ತಾಗುವುದು. ಅಡುಗೆಮನೆಯ ಬಾಗಿಲಲ್ಲಿ ದಿನವಿಡೀ ತುತ್ತು ಎಸೆಯುವ ಮನೆಯಲ್ಲಿ ಈ ಶಿಕ್ಷಣವು ಸಾಗದು. ಆಟವನ್ನು ಥಟ್ಟನೆ ಬಿಟ್ಟು ನೆಲವನ್ನು ಮೂಸುತ್ತ ಸುತ್ತುಹಾಕತೊಡಗಿದರೆ, ಇಲ್ಲವೆ ಮೂಲೆಯ ಕಡೆಗೆ ಜಾರಿದರೆ, ಗಂಟೆ ನೋಡುವ ಅಗತ್ಯವಿಲ್ಲ. ಕೂಡಲೆ ಎತ್ತಿಕೊಂಡು ಹೊರಡತಕ್ಕದ್ದು.

ಒಯ್ಯುವ ಜಾಗವು ದಿನವೂ ಒಂದೇ ಆಗಿರಬೇಕು. ಹಿತ್ತಲಿನ ಒಂದು ಮೂಲೆಯನ್ನು, ಬಾವಿಗೂ ಕಾಯಿಪಲ್ಯದ ಪಾತಿಗೂ ದೂರವಾಗಿರುವಂತೆ ಆರಿಸಿ, ಊರನಾಯಿಗಳು ನುಗ್ಗದ ಹಾಗೆ ಬೇಲಿ ಹಾಕಿಸುವುದು ಲೇಸು. ಈ ಬೇಲಿಯು ಬರಿಯ ಅನುಕೂಲಕ್ಕಾಗಿ ಅಲ್ಲ. ಮರಿಗಳಿಗೆ ರಕ್ತಭೇದಿಯನ್ನುಂಟುಮಾಡಿ ಕೊಲ್ಲುವ ಪಾರ್ವೋ ರೋಗದ ವಿಷಾಣುವು ರೋಗಿಷ್ಠ ನಾಯಿಯ ಮಲದೊಡನೆ ಬಿದ್ದು ಮಣ್ಣಿನಲ್ಲಿ ಅನೇಕ ತಿಂಗಳುಗಳ ಕಾಲ ಬದುಕಿರುವುದು. ಇದರ ಮತ್ತು ಡಿಸ್ಟೆಂಪರ್ ರೋಗದ ಲಸಿಕೆಯನ್ನು ೬ ರಿಂದ ೮ ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆಯಂತೆ ೧೬ ವಾರಗಳವರೆಗೆ ಹಾಕಿಸಬೇಕಾಗುವುದು. ಅದು ಮುಗಿಯುವವರೆಗೆ ಎಳೆಯ ಮರಿಯನ್ನು ಬೀದಿಗೆ ಅಟ್ಟಿ "ಹೊರಗೆ ಹೋಗುವುದನ್ನು ಕಲಿಯಲಿ" ಎನ್ನುವುದು ಅದನ್ನು ಮೃತ್ಯುವಿನ ಬಾಯಿಗೆ ಕಳುಹಿದಂತೆಯೇ ಸರಿ. ಹುಚ್ಚುನಾಯಿ ರೋಗದ ಲಸಿಕೆಯು ಬೇರೆ. ಅದನ್ನು ಮೂರು ತಿಂಗಳು ತುಂಬಿದಾಗ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಪುನಃ ಹಾಕಿಸತಕ್ಕದ್ದು. ಹಿತ್ತಲಿಲ್ಲದ ಪಟ್ಟಣದ ಮನೆಗಳಲ್ಲಿ ಅಗಲವಾದ ತಟ್ಟೆಯಲ್ಲಿ ಮಣ್ಣು ತುಂಬಿ ಬಾಲ್ಕನಿಯಲ್ಲಿ ಇಡಬಹುದು. ಕಾಗದ ಹಾಸಿ ರೂಢಿಮಾಡಿದರೆ ಕಾಗದವನ್ನು ಮರೆಯಿಸಲು ಎರಡನೆಯ ಸಲ ಶ್ರಮಪಡಬೇಕಾಗುವುದು.

ಆ ಮೂಲೆಯಲ್ಲಿ ಮರಿಯನ್ನು ಇಳಿಸಿ, ಅದರೊಡನೆ ಆಡದೆ, ಐದು ನಿಮಿಷ ಸುಮ್ಮನೆ ನಿಲ್ಲಬೇಕು. ವಿಸರ್ಜನೆ ಮಾಡಿದ ತಕ್ಷಣವೇ, ಮನೆಯೊಳಕ್ಕೆ ಬಂದ ಮೇಲಲ್ಲ, ಮೈದಡವಿ, ಪ್ರೀತಿಯ ಮಾತನಾಡಿ, ಒಂದು ಸಣ್ಣ ಚೂರು ತಿನಿಸನ್ನು ಕೊಡಬೇಕು. ಕೆಲಸವಾದೊಡನೆ ಒಳಕ್ಕೆ ಎಳೆದುಕೊಂಡು ಬಂದರೆ, ಹೊರಗಿನ ಸುಖವು ಮುಗಿಯಿತೆಂದು ತಿಳಿದು ಮರಿಯು ಬೇಕೆಂದೇ ತಡಮಾಡುವ ಯುಕ್ತಿಯನ್ನು ಕಲಿಯುವುದು. ಸ್ವಲ್ಪ ಆಡಲು ಬಿಟ್ಟು ಕರೆತರುವುದೇ ಸರಿ. ಏನೂ ಮಾಡದಿದ್ದರೆ ಒಳಕ್ಕೆ ತಂದು ಕಣ್ಣೆದುರಿನಲ್ಲಿಯೇ ಇಟ್ಟುಕೊಂಡು, ಹತ್ತು ನಿಮಿಷಗಳ ಮೇಲೆ ಮತ್ತೆ ಒಯ್ಯಬೇಕು. ಈ ಕೆಲಸಕ್ಕೆ ಮನೆಯಲ್ಲಿ ಒಬ್ಬರನ್ನೇ ಗೊತ್ತುಮಾಡಿದರೆ ಒಳ್ಳೆಯದು. ಹತ್ತು ಹನ್ನೆರಡು ವರುಷದ ಮಕ್ಕಳು ಹಿರಿಯರ ಮೇಲ್ವಿಚಾರಣೆಯಲ್ಲಿ ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುವುದುಂಟು. ಅವರಿಗೆ ಬೇಸರವು ಬೇಗ ಬರುವುದಿಲ್ಲ.

ಇನ್ನು ಶಿಕ್ಷೆಯ ವಿಚಾರ. ಮರಿಯ ಮೂತಿಯನ್ನು ಅದರ ಹೇಸಿಗೆಯಲ್ಲಿ ಒತ್ತಿ ಹೊಡೆಯಬೇಕೆಂಬ ನಂಬಿಕೆಯು ಹಳ್ಳಿ ಪಟ್ಟಣಗಳೆಂಬ ಭೇದವಿಲ್ಲದೆ ಹರಡಿದೆ. ಇದರಷ್ಟು ನಿಷ್ಫಲವಾದ ಪದ್ಧತಿ ಬೇರೊಂದಿಲ್ಲ. ನಾಯಿಯು ಒಂದು ಕ್ರಿಯೆಯನ್ನೂ ಅದರ ಫಲವನ್ನೂ ಒಟ್ಟಿಗೆ ಗ್ರಹಿಸುವುದು ಅವೆರಡರ ನಡುವೆ ಕೆಲವೇ ಕ್ಷಣಗಳ ಅಂತರವಿದ್ದಾಗ ಮಾತ್ರ. ಯಜಮಾನನು ಹೊಲದಿಂದ ಬಂದು, ಅರ್ಧ ಗಂಟೆಯ ಹಿಂದೆ ಪಡಸಾಲೆಯಲ್ಲಿ ಆದುದಕ್ಕಾಗಿ ಏಟು ಕೊಟ್ಟರೆ, ಮರಿಯು ಕಲಿಯುವ ಪಾಠ ಒಂದೇ: ಯಜಮಾನನು ಬರುವುದು ಏಟಿನ ಸೂಚನೆ. ಆಗ ಅದು ಬಾಲ ಮುದುರಿ ಮೂಲೆ ಸೇರುವುದನ್ನು ನೋಡಿ "ತಪ್ಪು ಮಾಡಿದ್ದೇನೆಂದು ಅದಕ್ಕೇ ಗೊತ್ತು" ಎಂದು ಮನೆಯವರು ಹೇಳಿಕೊಳ್ಳುವರು. ವಾಸ್ತವವಾಗಿ ಅದು ಭಯ, ಪಶ್ಚಾತ್ತಾಪವಲ್ಲ. ಮಾಡುತ್ತಿರುವಾಗಲೇ ಹೊಡೆದರೂ ಪರಿಣಾಮವು ಕೆಟ್ಟದ್ದೇ. ಮನುಷ್ಯರ ಎದುರಿಗೆ ವಿಸರ್ಜನೆ ಮಾಡುವುದು ಅಪಾಯವೆಂದು ತಿಳಿದು, ಹಿತ್ತಲಿನಲ್ಲಿ ಜತೆಗೆ ನಿಂತವರ ಮುಂದೆ ತಡೆದುಕೊಂಡು, ಒಳಗೆ ಬಂದು ಕಾಳಿನ ಮೂಟೆಯ ಹಿಂದೆ ಮಾಡುವುದು. ಮುಧೋಳದ ತಳಿಯಂತೆ ಸಂಕೋಚ ಸ್ವಭಾವದ, ಒರಟು ಕೈಯನ್ನು ಸಹಿಸದ ನಾಯಿಗಳಲ್ಲಿ ಇಂತಹ ಭಯವು ಬೆಳೆದ ಮೇಲೂ ಉಳಿದು, ಕರೆದರೆ ಬಾರದ ನಾಯಿಯಾಗಿ ಪರಿಣಮಿಸಬಹುದು. ಕಣ್ಣೆದುರಿಗೆ ಕುಳಿತುದು ಕಂಡರೆ ಕೈ ತಟ್ಟಿ ತಡೆದು, ಎತ್ತಿಕೊಂಡು ಹಿತ್ತಲಿಗೆ ಓಡುವುದು. ಆಮೇಲೆ ಕಂಡರೆ ಬಾಯಿ ಮುಚ್ಚಿಕೊಂಡು ಸಾರಿಸುವುದು. ಇವೆರಡೇ ಮಾರ್ಗ. ಹಿರಿಯರು ಬಾಗಿ ಮುಟ್ಟಿದಾಗ ಕೆಲವು ಮರಿಗಳು ಅಂಗಾತ ಬಿದ್ದು ಹನಿ ಮೂತ್ರವನ್ನು ಬಿಡುವುವು. ಅದು ಶರಣಾಗತಿಯ ಚಿಹ್ನೆ, ಗದರಿದರೆ ಹೆಚ್ಚುವುದು.

ನೋಡಿಕೊಳ್ಳಲು ಸಾಧ್ಯವಿಲ್ಲದ ಹೊತ್ತಿನಲ್ಲಿ ಮರಿಯನ್ನು ಒಂದು ಪೆಟ್ಟಿಗೆಯಲ್ಲಿಯೋ ತಡಿಕೆ ಕಟ್ಟಿದ ಮೂಲೆಯಲ್ಲಿಯೋ ಇರಿಸಬಹುದು. ಅದು ಕಾಲು ಚಾಚಿ ಮಲಗುವಷ್ಟು, ಸುತ್ತ ತಿರುಗುವಷ್ಟು ಮಾತ್ರ ಅಗಲವಿರಲಿ. ದೊಡ್ಡದಾದರೆ ಒಂದು ಮೂಲೆಯನ್ನು ಪಾಯಿಖಾನೆ ಮಾಡಿಕೊಳ್ಳುವುದು. ಮೇಲೆ ಹೇಳಿದ ಗಂಟೆಗಳ ಲೆಕ್ಕವನ್ನು ಮೀರಿ ಇರಿಸಕೂಡದು. ರಾತ್ರಿ ಪೆಟ್ಟಿಗೆಯು ಯಾರಾದರೊಬ್ಬರ ಹಾಸಿಗೆಯ ಮಗ್ಗುಲಲ್ಲಿದ್ದರೆ ಮರಿಯು ಮುಲುಗಿದಾಗ ಎಚ್ಚರವಾಗುವುದು. ಎರಡು ತಿಂಗಳ ಮರಿಯನ್ನು ರಾತ್ರಿ ಒಂದೆರಡು ಸಲ ಹೊರಕ್ಕೆ ಒಯ್ಯಲೇಬೇಕು. ಆಗ ಮಾತಿಲ್ಲ, ಆಟವಿಲ್ಲ. ಕೊನೆಯ ಊಟವನ್ನು ಮಲಗುವುದಕ್ಕೆ ಮೂರು ಗಂಟೆ ಮುಂಚೆ ಮುಗಿಸಬಹುದು. ಆದರೆ ಬೇಸಗೆಯಲ್ಲಿ ನೀರನ್ನು ಕಟ್ಟುವುದು ಅಪಾಯಕರ.

ಒಮ್ಮೆ ಕೆಡಿಸಿದ ಸ್ಥಳದ ವಾಸನೆಯು ಮರಿಯನ್ನು ಮತ್ತೆ ಅಲ್ಲಿಗೇ ಕರೆಯುವುದು. ಮಣ್ಣಿನ ನೆಲವಾದರೆ ನೆನೆದ ಮಣ್ಣನ್ನು ಕೆರೆದು ತೆಗೆದು, ಹೊಸ ಮಣ್ಣು ತುಂಬಿ, ಗಟ್ಟಿಸಿ ಸಾರಿಸಬೇಕು; ಮೇಲೆ ಮೇಲೆ ಸಾರಿಸಿದರೆ ಮನುಷ್ಯನ ಮೂಗಿಗೆ ಮಾತ್ರ ಸಮಾಧಾನ. ಕಲ್ಲು ಅಥವಾ ಸಿಮೆಂಟಿನ ನೆಲವನ್ನು ಸಾಬೂನಿನ ನೀರಿನಿಂದ ತೊಳೆದು ಒಣಗಿಸಬೇಕು. ಅಮೋನಿಯವಿರುವ ದ್ರಾವಣಗಳು ಮೂತ್ರದ ವಾಸನೆಯನ್ನೇ ಹೋಲುವುದರಿಂದ ಅವು ಬೇಡ. ಫಿನಾಯಿಲು ಹಾಕಿದರೆ, ನೀರಿನಿಂದ ತೊಳೆದು ನೆಲವು ಒಣಗುವವರೆಗೆ ಮರಿಯನ್ನು ಅತ್ತ ಬಿಡಕೂಡದು. ಪಾದಕ್ಕೆ ಅಂಟಿದುದನ್ನು ಅದು ನೆಕ್ಕುವುದು.

ಒಕ್ಕಲು ಮನೆಯಲ್ಲಿ ಈ ಶಿಕ್ಷಣಕ್ಕೆ ಮತ್ತೊಂದು ಗುರುತರವಾದ ಕಾರಣವಿದೆ. ಕಾಳು ಹರಡುವ ಅಂಗಳವೂ ಕೂಸು ಅಂಬೆಗಾಲಿಡುವ ಅಂಗಳವೂ ಒಂದೇ. ನಾಯಿಯ ದುಂಡು ಜಂತುಹುಳುಗಳು ತಾಯಿಯ ಗರ್ಭದಲ್ಲಿಯೂ ಹಾಲಿನ ಮೂಲಕವೂ ಮರಿಗೆ ಬರುವುದರಿಂದ, ನೋಡಲು ಪುಷ್ಟವಾದ ಮರಿಯ ಮಲದಲ್ಲಿಯೂ ಅವುಗಳ ತತ್ತಿಗಳಿರುವುವು. ಬಿದ್ದೊಡನೆ ಆ ತತ್ತಿಗಳು ಅಪಾಯಕಾರಿಯಲ್ಲ. ಎರಡು ವಾರಗಳೋ ಹೆಚ್ಚೋ ಮಣ್ಣಿನಲ್ಲಿದ್ದು ಬಲಿತ ಮೇಲೆ, ಮಣ್ಣಾದ ಕೈಯ ಮೂಲಕ ಮಗುವಿನ ಹೊಟ್ಟೆ ಸೇರಿ, ಮರಿಹುಳುಗಳು ಯಕೃತ್ತು ಶ್ವಾಸಕೋಶಗಳಿಗೂ, ಕೆಲವೊಮ್ಮೆ ಕಣ್ಣಿಗೂ ಹೋಗಿ ದೃಷ್ಟಿಯನ್ನು ಕೆಡಿಸುವುವು. ನಾಯಿಯ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನೇ ಕೊರೆದು ಹೊಗುವುವು. ದಿನದಿನವೂ ಮಲವನ್ನು ಎತ್ತಿ, ಒಂದು ಮೊಳ ಆಳಕ್ಕೆ ಹೂಳಿ, ಕೈ ತೊಳೆದುಕೊಂಡರೆ ಈ ಅಪಾಯವು ಬಹುಮಟ್ಟಿಗೆ ನಿಲ್ಲುವುದು. ಅದನ್ನು ತಿಪ್ಪೆಗೆ ಎಸೆಯುವ ಅಭ್ಯಾಸವು ತಪ್ಪು. ಆ ಗೊಬ್ಬರವು ಕೊತ್ತಂಬರಿ ಮೂಲಂಗಿಗಳ ಪಾತಿಗೆ ಹೋಗಿ ಹಸಿಯಾಗಿ ತಿನ್ನುವವರ ಬಾಯಿಗೆ ಬರಬಹುದು. ತತ್ತಿಗಳು ಮಣ್ಣಿನಲ್ಲಿ ವರುಷಗಟ್ಟಲೆ ಜೀವಿಸುವುವು. ಮರಿಗೆ ಎರಡು ವಾರಗಳ ವಯಸ್ಸಿನಿಂದ ಎಂಟು ವಾರಗಳವರೆಗೆ ಪಕ್ಷಕ್ಕೊಮ್ಮೆ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಪಶುವೈದ್ಯಶಾಲೆಯಿಂದ ಜಂತುವಿನ ಔಷಧವನ್ನು ಕುಡಿಸತಕ್ಕದ್ದು. ಮಾತ್ರೆಯ ಪ್ರಮಾಣವು ಮರಿಯ ತೂಕವನ್ನು ಅನುಸರಿಸುವುದರಿಂದ ಅಂದಾಜಿನಿಂದ ಕೊಡಲಾಗದು.

ಭೇದಿಯಾಗುತ್ತಿರುವ ಮರಿಗೆ ಯಾವ ಶಿಕ್ಷಣವೂ ಹತ್ತದು. ಹಸುವಿನ ಹಾಲನ್ನು ಬಟ್ಟಲು ತುಂಬ ಹಾಕುವುದೇ ಅನೇಕ ವೇಳೆ ಇದಕ್ಕೆ ಕಾರಣ; ಆ ಹಾಲಿನ ಸಕ್ಕರೆಯನ್ನು ಹಾಲು ಬಿಟ್ಟ ಮರಿಯ ಕರುಳು ಚೆನ್ನಾಗಿ ಅರಗಿಸಲಾರದು. ಮೆತ್ತಗೆ ಬೇಯಿಸಿದ ಅನ್ನ ಅಥವಾ ಜೋಳದ ನುಚ್ಚಿನೊಡನೆ ಬೇಯಿಸಿದ ಮೊಟ್ಟೆ, ಮಾಂಸಗಳನ್ನು ಕಿವುಚಿ ಕೊಡುವುದು ಒಳ್ಳೆಯದು. ಹೊಸ ಆಹಾರಕ್ಕೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ತಿರುಗಿಸಬೇಕು. ಈರುಳ್ಳಿ ಹಾಕಿದ ಸಾರು ನಾಯಿಗೆ ವಿಷಸಮಾನ. ಭೇದಿಯಲ್ಲಿ ರಕ್ತವಿದ್ದು, ವಾಂತಿಯಾಗಿ ಮರಿಯು ಜೋತುಬಿದ್ದರೆ ಆ ದಿನವೇ ವೈದ್ಯರಿಗೆ ತೋರಿಸಬೇಕು. ಚೆನ್ನಾಗಿ ಕಲಿತಿದ್ದ ಮರಿಯು ಒಮ್ಮೆಗೇ ಮನೆಯೊಳಗೆ ಹನಿಹನಿಯಾಗಿ ಮೂತ್ರ ಮಾಡತೊಡಗಿದರೆ, ಅದರಲ್ಲಿಯೂ ಹೆಣ್ಣುಮರಿಯಾದರೆ, ಮೂತ್ರಾಶಯದ ಸೋಂಕನ್ನು ಶಂಕಿಸತಕ್ಕದ್ದು.

ಮರಿಗೆ ಮನೆಯನ್ನು ಒಮ್ಮೆಲೆ ಬಿಟ್ಟುಕೊಡಲಾಗದು. ಪಡಸಾಲೆಯಲ್ಲಿ ಎರಡು ಮೂರು ವಾರ ತಪ್ಪಿಲ್ಲದೆ ನಡೆದ ಮೇಲೆ ಮುಂದಿನ ಕೋಣೆಯನ್ನು ತೆರೆಯಬೇಕು. ಅಲ್ಲಿ ತಪ್ಪಾದರೆ ಪುನಃ ಒಂದು ವಾರ ಪಡಸಾಲೆಗೇ ಹಿಂದಿರುಗಿಸಬೇಕು. ಅಡುಗೆಮನೆಯನ್ನೂ ಕಾಳು ತುಂಬಿಟ್ಟ ಕೋಣೆಯನ್ನೂ ಕಟ್ಟಕಡೆಗೆ, ಮರಿಗೆ ಆರು ತಿಂಗಳು ತುಂಬಿ ಅದು ತಾನಾಗಿ ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುವುದನ್ನು ಕಲಿತ ತರುವಾಯ, ತೆರೆದರೆ ಸಾಕು.