ಬಾರ್ಬಾರೆಸ್ಕೋದ ಬೆಳೆಗಾರರ ಸಂಘ

ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆ ಪ್ರಾಂತದ ಹೆಸರಿಗೆ ಬೆಟ್ಟದ ಬುಡವೆಂದೇ ಅರ್ಥ. ಪಶ್ಚಿಮಕ್ಕೂ ಉತ್ತರಕ್ಕೂ ಆಲ್ಪ್ಸ್ ಪರ್ವತಗಳ ಗೋಡೆ. ಅಲ್ಲಿನ ಲಾಂಗೆ ಗುಡ್ಡಗಳಲ್ಲಿ, ತಾನಾರೋ ನದಿಯ ಮೇಲ್ದಂಡೆಯಲ್ಲಿ ಬಾರ್ಬಾರೆಸ್ಕೋ ಎಂಬ ಸಣ್ಣ ಹಳ್ಳಿಯಿದೆ. ಅದರ ಕೆಂಪು ವೈನ್ ಜಗತ್ಪ್ರಸಿದ್ಧ. ನಮ್ಮ ಸದಸ್ಯ ಬಾಂಧವರಿಗಾದರೋ ವೈನಿಗಿಂತ ಅದನ್ನು ತಯಾರಿಸುವ ಸಹಕಾರ ಸಂಘದ ವಿಷಯ ಹೆಚ್ಚು ಉಪಯುಕ್ತವಾದೀತು.

ಅಲ್ಲಿಯ ದ್ರಾಕ್ಷಿ ನೆಬ್ಬಿಯೊಲೊ. ಬೇಗ ಚಿಗುರಿ ತಡವಾಗಿ ಮಾಗುವ ಹಠಮಾರಿ ತಳಿ. ಕೊಯ್ಲು ಸಾಮಾನ್ಯವಾಗಿ ಅಕ್ಟೋಬರಿನಲ್ಲಿ, ಗುಡ್ಡಗಳಿಗೆ ಮಂಜು ಕವಿಯುವ ಹೊತ್ತಿಗೆ. ಆದ್ದರಿಂದ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರೇ ಬೇಕು. ಚಳಿಗಾಲದಲ್ಲಿ ಹಿಮ ಎಲ್ಲಿ ಮೊದಲು ಕರಗುವುದೋ ಅದೇ ಒಳ್ಳೆಯ ಜಾಗವೆಂಬುದು ಹಳಬರ ಲೆಕ್ಕ. ಕಾಫಿಗೆ ನಾವು ನೆರಳನ್ನು ಅಳೆದಂತೆ ಅವರು ಬಿಸಿಲನ್ನು ಅಳೆಯುತ್ತಾರೆ. ಅಸಿಲಿ, ರಬಾಯಾ, ಓವೆಲ್ಲೊ ಎಂದು ಒಂದೊಂದು ಇಳಿಜಾರಿಗೂ ಹೆಸರುಂಟು. ಒಂದರ ರುಚಿ ಇನ್ನೊಂದಕ್ಕಿಲ್ಲ.

ಇಷ್ಟಿದ್ದರೂ ಸಣ್ಣ ಹಿಡುವಳಿದಾರನ ಕೈಗೆ ಬಹುಕಾಲ ಹಣ ಸೇರಲಿಲ್ಲ. ಈ ವೈನ್ ಹಳತಾಗಬೇಕು. ಈಗಿನ ನಿಯಮದಂತೆ ಕನಿಷ್ಠ 26 ತಿಂಗಳು ಇರಿಸಿದ ಮೇಲೆಯೇ ಮಾರಬಹುದು, ಅದರಲ್ಲಿ 9 ತಿಂಗಳು ಮರದ ಪೀಪಾಯಿಯಲ್ಲಿ. ಅಷ್ಟು ದಿನ ಕಾಯುವ ಶಕ್ತಿ ಎರಡು ಹೆಕ್ಟೇರಿನ ರೈತನಿಗೆಲ್ಲಿ? ಹಣ್ಣು ಕಾಯುವುದಿಲ್ಲ, ಸಾಲವೂ ಕಾಯುವುದಿಲ್ಲ. ವರ್ತಕ ಹೇಳಿದ್ದೇ ಬೆಲೆ. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಲ್ಬಾ ಪಟ್ಟಣದ ದ್ರಾಕ್ಷಾಕೃಷಿ ಶಾಲೆಯ ಮುಖ್ಯಸ್ಥ ದೊಮಿತ್ಸಿಯೊ ಕವಾತ್ಸಾ 1894ರಲ್ಲಿ ಒಂಬತ್ತು ಮಂದಿ ತೋಟದವರನ್ನು ಸೇರಿಸಿ ಮೊದಲ ಸಂಘ ಕಟ್ಟಿದರು. 1920ರ ದಶಕದಲ್ಲಿ ಫ್ಯಾಸಿಸ್ಟ್ ಆಡಳಿತದ ಆರ್ಥಿಕ ಕಟ್ಟಳೆಗಳಿಂದ ಅದು ಮುಚ್ಚಿತು. ಮತ್ತೆ 1958ರಲ್ಲಿ ಊರಿನ ಪಾದ್ರಿಯೇ ಮುಂದೆ ನಿಂತು 19 ಸಣ್ಣ ಬೆಳೆಗಾರರನ್ನು ಒಗ್ಗೂಡಿಸಿದರು. ಮೊದಲ ಮೂರು ವರ್ಷದ ವೈನ್ ತಯಾರಾದದ್ದು ಇಗರ್ಜಿಯ ನೆಲಮಾಳಿಗೆಯಲ್ಲಿ! ಇಂದು ಸದಸ್ಯರು ಐವತ್ತಕ್ಕೂ ಹೆಚ್ಚು, ತೋಟ ನೂರು ಹೆಕ್ಟೇರಿಗೂ ಮಿಕ್ಕಿ.

ಸಂಘ ಉಳಿದಿರುವುದು ಒಂದು ಕರಾರಿನ ಮೇಲೆ: ಸದಸ್ಯನು ತನ್ನ ನೆಬ್ಬಿಯೊಲೊ ಹಣ್ಣನ್ನೆಲ್ಲ ಸಂಘಕ್ಕೇ ಕೊಡತಕ್ಕದ್ದು. ಒಳ್ಳೆಯ ಚಾಲಿ ಪೇಟೆಗೆ, ಕರಿಗೋಟು ಸಂಘಕ್ಕೆ ಎಂಬ ನಮ್ಮ ಕಡೆಯ ಜಾಣತನ ಅಲ್ಲಿ ನಡೆಯದು. ಅದಕ್ಕೆ ಪ್ರತಿಯಾಗಿ ಸಂಘವೂ ಬರೀ ತೂಕ ನೋಡಿ ಬಟವಾಡೆ ಮಾಡುವುದಿಲ್ಲ. ಹಣ್ಣಿನ ಸಕ್ಕರೆಯಂಶವನ್ನೂ ಗುಣವನ್ನೂ ನೋಡಿ ಬೆಲೆ ಕಟ್ಟುತ್ತದೆ. ಚೆನ್ನಾಗಿ ದುಡಿದವನಿಗೂ ಉದಾಸೀನ ಮಾಡಿದವನಿಗೂ ಒಂದೇ ದರ ಎಂಬ ದೂರಿಗೆ ಎಡೆಯಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲನೆಯ ಕರಾರು ನಿಂತಿರುವುದೇ ಈ ಎರಡನೆಯದರ ಬಲದಿಂದ.

ಫಸಲು ಉತ್ತಮವಾದ ವರ್ಷ ಒಂಬತ್ತು ಇಳಿಜಾರುಗಳ ವೈನನ್ನು ಬೇರೆಬೇರೆಯಾಗಿ ಸೀಸೆಗೆ ತುಂಬುತ್ತಾರೆ. ಫಸಲು ಸಾಧಾರಣವಾದರೆ ಎಲ್ಲವನ್ನೂ ಒಂದೇ ಮಿಶ್ರಣಕ್ಕೆ ಸೇರಿಸುತ್ತಾರೆ. ಹೆಸರಾಂತ ತೋಟದ ಹಣ್ಣಿನಿಂದ ಸಾಮಾನ್ಯ ಸೀಸೆಯ ಗುಣವೂ ಉಳಿಯುತ್ತದೆ. ಬೇರೆಯಾಗಿ ತುಂಬಿದ ಸೀಸೆಯ ಹಿಂಬದಿಯ ಚೀಟಿಯಲ್ಲಿ ಆ ಇಳಿಜಾರಿನ ಬೆಳೆಗಾರ ಮನೆತನಗಳ ಹೆಸರನ್ನು ಅಚ್ಚು ಹಾಕಿಸುತ್ತಾರೆ.