ದೋಣಿ ಅಳೆದು ಮೋಟಾರು ಕೊಳ್ಳಿ

ನಮ್ಮ ತೋಟ ಇರುವುದು ಕುದ್ರುವಿನಲ್ಲಿ. ಐದು ಹೊಳೆಗಳು ಒಟ್ಟಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುವ ಪಂಚಗಂಗಾವಳಿಯ ನೀರು ನಮ್ಮ ಸುತ್ತ. ತೆಂಗಿನಕಾಯಿ ಆಚೆ ದಡಕ್ಕೆ ಹೋಗಬೇಕಿದ್ದರೂ, ಗೊಬ್ಬರ ಈಚೆ ಬರಬೇಕಿದ್ದರೂ ದೋಣಿಯೇ ಗತಿ.

ಆರು ವರ್ಷದ ಹಿಂದೆ ನಮ್ಮ ಹಳೇ ಮರದ ದೋಣಿ ಕುಂಬಾಯಿತು. ಅದೇ ಹೊತ್ತಿಗೆ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ 14 ಅಡಿಯ ಫೈಬರ್ ಸ್ಪೀಡ್ ಬೋಟೊಂದು ಮಾರಾಟಕ್ಕೆ ಬಂತು. ಮೋಟಾರು ಇರಲಿಲ್ಲ. ದರ ಕಡಿಮೆ ಎಂದು ತಂದೆ. ನಂತರ 40 ಎಚ್‌ಪಿಯ ಹಳೇ ಮೋಟಾರೊಂದು ಅಗ್ಗಕ್ಕೆ ಸಿಕ್ಕಿತು. 'ಶಕ್ತಿ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ' ಎಂದು ಅದನ್ನೂ ಕೊಂಡೆ. ಅಳತೆ ನೋಡಲಿಲ್ಲ. ತಪ್ಪಿದ್ದು ಅಲ್ಲೇ.

ಆ ದಿನ

ಆಷಾಢದ ಒಂದು ಬೆಳಿಗ್ಗೆ. ಮಳೆನೀರು ಇಳಿಯುತ್ತಿತ್ತು, ಮೇಲಿಂದ ಇಳಿತವೂ ಸೇರಿ ಸೆಳೆತ ಜೋರಿತ್ತು. ಕಾಯಿಯ ಚೀಲಗಳನ್ನು ಮುಂದೆ ಹೇರಿ, ಮಗನನ್ನೂ ಮುಂದೆ ಕೂರಿಸಿ ಹೊರಟೆ. ನಡುಹೊಳೆಯಲ್ಲಿ ಅಲೆಗೆ ದೋಣಿಯ ಹಿಂಬದಿ ಎದ್ದಾಗಲೆಲ್ಲ ಮೋಟಾರು ಕಿರುಚತೊಡಗಿತು. ಐದು ನಿಮಿಷದಲ್ಲಿ ಬಿಸಿಯೇರಿ ನಿಂತೇ ಹೋಯಿತು. ದೋಣಿ ಅಳಿವೆಯ ಕಡೆಗೆ ಜಾರತೊಡಗಿತು. ಲಂಗರು ಹಾಕಿದರೆ ಮೊದಲು ಹಿಡಿಯಲೇ ಇಲ್ಲ, ಎಳೆದುಕೊಂಡು ಹೋಯಿತು. ಎರಡನೇ ಸಲ ಹಿಡಿಯಿತು. ಬಲೆ ಬಿಡುತ್ತಿದ್ದವರು ನೋಡಿ, ಬಂದು, ಹಗ್ಗ ಕಟ್ಟಿ ಎಳೆದರು. ಮಗನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮೋಟಾರು ರಿಪೇರಿಯವರು ಬಂದವರೇ ಮೊದಲು ಟೇಪು ಕೇಳಿದರು. ಮೋಟಾರು ಕೂರಿಸುವ ಹಿಂದಿನ ಹಲಗೆಯನ್ನು ಮೇಲಿನ ಅಂಚಿನಿಂದ ತಳದ ತನಕ ಅಳೆದರು. 20 ಇಂಚು. ನಾನು ತಂದಿದ್ದ ಮೋಟಾರಿನ ಕಾಲು 15 ಇಂಚಿನ ಹಲಗೆಗೆ ಆಗುವಂಥದ್ದು. ಪಂಕ ಮೇಲೆಯೇ ಉಳಿದು ನೀರಿನ ಬದಲು ಗಾಳಿ ಕಡಿಯುತ್ತಿತ್ತು. ತಂಪು ನೀರು ಎಳೆಯುವ ಕಿಂಡಿಯೂ ಆ ಕಾಲಲ್ಲೇ ಇರುವುದರಿಂದ ಇಂಜಿನ್ ಬಿಸಿಯಾಗಿತ್ತು. "ಎತ್ತು ನೋಡಿ ಅಲ್ದಾ ನೊಗ ಮಾಡೂದು ಮಾರಾಯ್ರೆ?" ಎಂದರು. ಉತ್ತರ ಹೇಳಲು ನನ್ನಲ್ಲಿ ಮಾತಿರಲಿಲ್ಲ.

ಮೊದಲು ಹಲಗೆ

ಹಾಗಾಗಿ ಕಾಲಿನ ಅಳತೆ ಮೊದಲು, ಎಚ್‌ಪಿ ಆಮೇಲೆ. ಸಣ್ಣ ದೋಣಿಗಳಲ್ಲಿ ಹೆಚ್ಚಾಗಿ ಇರುವುದು ಎರಡೇ ಅಳತೆ: 15 ಇಂಚು, 20 ಇಂಚು. ಮೋಟಾರು ಕೂರಿಸಿದ ಮೇಲೆ ಪಂಕದ ಮೇಲಿರುವ ಅಗಲ ತಗಡು ದೋಣಿಯ ತಳಕ್ಕೆ ಹೆಚ್ಚುಕಡಿಮೆ ಸಮನಾಗಿರಬೇಕು.

ಹಳೇ ಫೈಬರ್ ದೋಣಿಯಲ್ಲಿ ಆ ಹಲಗೆಯ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತುಗಳಿಂದ ನೀರು ಇಳಿದು ಅದು ಕೊಳೆಯುತ್ತದೆ. ಹೊರಗೆ ಬಣ್ಣ ಚೆಂದವೇ ಇರುತ್ತದೆ! ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ. ಗಟ್ಟಿ ಸದ್ದು ಬಂದರೆ ಸರಿ, ಮೆತ್ತಗೆ 'ದಬ್' ಎಂದರೆ ಒಳಗೆ ಹಾಳಾಗಿದೆ. ಕೊಳೆತ ಹಲಗೆಗೆ ಮೋಟಾರು ಕಟ್ಟಬೇಡಿ.

ಎಷ್ಟು ಎಚ್‌ಪಿ?

ಎರಡನೇ ಸಲ ಲೆಕ್ಕ ಹಾಕಿದೆ. ಸಿಪ್ಪೆ ಸಹಿತ ಹತ್ತು ಕಾಯಿ ತೂಗಿದರೆ 13 ಕಿಲೋ. 150 ಕಾಯಿಗೆ 195 ಕಿಲೋ. ಇಬ್ಬರು ಜನ, ಮೋಟಾರು, ಪೆಟ್ರೋಲು ಸೇರಿ 400 ಕಿಲೋ ಹತ್ತಿರ. ಇಷ್ಟು ಭಾರ ಹೇರಿದ ನಮ್ಮ ದೋಣಿ ನೀರಿನ ಮೇಲೆ ಎದ್ದು ಓಡಬೇಕಿದ್ದರೆ ದೊಡ್ಡ ಮೋಟಾರೇ ಬೇಕು. ನೀರನ್ನು ಸೀಳಿಕೊಂಡು ಸಾಗಿದರೆ ಸಾಕು ಎಂದಾದರೆ, 14 ಅಡಿಯ ದೋಣಿಗೆ ಗಂಟೆಗೆ 9 ಕಿಲೋಮೀಟರ್ ಸುಮಾರಿಗೆ ಮಿತಿ. ಅದಕ್ಕೆ ಸಣ್ಣ ಮೋಟಾರು ಸಾಲುತ್ತದೆ.

ನಾವು ದಾಟುವುದು ಒಂದು ಕಿಲೋಮೀಟರ್. ಗಂಟೆಗೆ 9ರ ವೇಗದಲ್ಲಿ ಏಳು ನಿಮಿಷ, 30ರ ವೇಗದಲ್ಲಿ ಎರಡು ನಿಮಿಷ. ಐದು ನಿಮಿಷ ಉಳಿಸಲು ನಲವತ್ತು ಎಚ್‌ಪಿ ಯಾಕೆ? ಪೂರ್ತಿ ವೇಗದಲ್ಲಿ ಪ್ರತಿ 10 ಎಚ್‌ಪಿಗೆ ಗಂಟೆಗೆ ಸುಮಾರು 4 ಲೀಟರ್ ಪೆಟ್ರೋಲು ಖರ್ಚು ಎಂಬುದು ಒಂದು ಅಂದಾಜು. ಹಳೇ ಟೂ-ಸ್ಟ್ರೋಕಿಗೆ ಇನ್ನೂ ಜಾಸ್ತಿ.

ಹತ್ತರ ಒಳಗಿನದ್ದು ಬೇಸಿಗೆಗೆ ಸಾಕಿತ್ತು. ಆದರೆ ಮಳೆಗಾಲದ ಸೆಳೆತ ಕಂಡವನು ನಾನು. ಎದುರು ನೀರಿಗೆ ಸ್ವಲ್ಪ ಶಕ್ತಿ ಕೈಯಲ್ಲಿರಲಿ ಎಂದು 20 ಇಂಚಿನ ಹಲಗೆಗೆ ಆಗುವ 15 ಎಚ್‌ಪಿಯದ್ದು ಕೊಂಡೆ. ಕೆಲವು ದೋಣಿಗಳಲ್ಲಿ ಎಚ್‌ಪಿ ಬರೆದ ಫಲಕ ಇರುತ್ತದೆ. ಅದು ಮೀರಬಾರದ ಮಿತಿ, ಅಷ್ಟೇ ಹಾಕಬೇಕೆಂದಲ್ಲ.

ಯಾವುದು, ಎಂಥದ್ದು

ಟೂ-ಸ್ಟ್ರೋಕ್ ಹಗುರ, ರಿಪೇರಿ ಸುಲಭ. ಫೋರ್-ಸ್ಟ್ರೋಕ್ ಭಾರ, ಆದರೆ ಪೆಟ್ರೋಲು ಉಳಿಸುತ್ತದೆ, ಎಣ್ಣೆ ಬೆರೆಸುವ ರಗಳೆ ಇಲ್ಲ. ರಿಯಾಯ್ತಿ ದರದ ಸೀಮೆಎಣ್ಣೆ ಮೀನುಗಾರಿಕೆ ದೋಣಿಗಳಿಗೆ ಮಾತ್ರ, ತೋಟದ ದೋಣಿಗೆ ಸಿಗದು. ಆದ್ದರಿಂದ ಪೆಟ್ರೋಲಿನದ್ದೇ ತಂದೆ. ಯಾವ ಕಂಪೆನಿ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ನಿಮ್ಮ ಊರಿನ ಮೀನುಗಾರರು ಬಳಸುವ, ಹತ್ತಿರದಲ್ಲೇ ಬಿಡಿಭಾಗ ಸಿಗುವ ಮೋಟಾರು.

ಪಂಕವೂ ಟಿಲ್ಲರಿನ ಗೇರಿನ ಹಾಗೆ. ಭಾರಕ್ಕೆ ಕಡಿಮೆ ಪಿಚ್ಚಿನದ್ದು ಬೇಕು. ಹೇರು ತುಂಬಿ ಪೂರ್ತಿ ವೇಗ ಕೊಟ್ಟಾಗ ಇಂಜಿನ್ ತನ್ನ ಪುಸ್ತಕದಲ್ಲಿ ಹೇಳಿದಷ್ಟು ಸುತ್ತು ಮುಟ್ಟದಿದ್ದರೆ ಪಿಚ್ ಇಳಿಸಿ. ಒಂದು ಇಂಚು ಇಳಿಸಿದರೆ ಸುಮಾರು 200 ಸುತ್ತು ಏರುತ್ತದೆ.

ಹಳೇ ಮೋಟಾರಾದರೆ ತಣ್ಣಗಿರುವಾಗಲೇ ನಿಮ್ಮೆದುರು ಚಾಲು ಮಾಡಿಸಿ. ತಂಪು ನೀರು ಹಿಂದಿನಿಂದ ಒಂದೇ ಸಮ ಚಿಮ್ಮಬೇಕು. ಗೇರಿನ ಎಣ್ಣೆ ಬಿಚ್ಚಿ ನೋಡಿ. ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ ಎಂದರ್ಥ.

ತಂದ ಮೇಲೆ

ನಮ್ಮದು ಉಪ್ಪುನೀರು. ಪ್ರತಿ ಸಲ ಬಂದ ಮೇಲೆ ಬಾವಿನೀರಿನಲ್ಲಿ ಹತ್ತು ನಿಮಿಷ ಮೋಟಾರು ಓಡಿಸುತ್ತೇನೆ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ನೀರು ಹೀರುತ್ತದೆ. ಅದಕ್ಕೇ ಬಹಳ ದಿನ ಬಳಸದಿದ್ದರೆ ಕಾರ್ಬುರೇಟರಿನಲ್ಲಿ ಉಳಿದದ್ದನ್ನು ಖಾಲಿ ಮಾಡಿಡಿ. ಇಂಜಿನ್ ದೋಣಿಗೆ 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ನೋಂದಣಿ ಬೇಕು. ಬಂದರು ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಮೊದಲ ಮೋಟಾರನ್ನು ನಷ್ಟಕ್ಕೆ ಮಾರಿದೆ. ಆ ನಷ್ಟ ನನಗೆ ದೊಡ್ಡದಲ್ಲ. ಈಗ ದೋಣಿಯಲ್ಲಿ ಜೀವರಕ್ಷಕ ಜಾಕೆಟ್, ಒಂದು ಬಿದಿರಿನ ಗಳ, ಎರಡು ಹುಟ್ಟು, ಉದ್ದ ಹಗ್ಗದ ಲಂಗರು ಯಾವಾಗಲೂ ಇರುತ್ತವೆ. ಮೋಟಾರು ನಿಲ್ಲಿಸುವ ಹುರಿಯನ್ನು ಕೈಗೆ ಕಟ್ಟಿಕೊಳ್ಳದೆ ಮಗ ಹೊರಡುವುದಿಲ್ಲ. ನಾನು ಮರೆತರೆ ಅವನೇ ನೆನಪಿಸುತ್ತಾನೆ.