ಆಕಾಶದಿಂದ ಭೂಮಾಪನ: ಮಹೇಂದ್ರಪರ್ವತದ ನಿದರ್ಶನ

ಕಾಂಬೋಜದೇಶದ ಎರಡನೆಯ ಜಯವರ್ಮನು ಮಹೇಂದ್ರಪರ್ವತದಲ್ಲಿ ಚಕ್ರವರ್ತಿತ್ವಸಾಧಕವಾದ ವಿಧಿಯೊಂದನ್ನು ನಡೆಯಿಸಿದನೆಂದು ಸ್ಡೊಕ್ ಕಾಕ್ ಥೊಮ್ ಎಂಬಲ್ಲಿಯ ೧೧ನೆಯ ಶತಮಾನದ ಸಂಸ್ಕೃತ-ಖ್ಮೇರ್ ಶಾಸನವು ತಿಳಿಸುತ್ತದೆ. ಇದರ ಕಾಲವನ್ನು ವಿದ್ವಾಂಸರು ಕ್ರಿ. ಶ. ೮೦೨ ಎಂದೆಣಿಸುವರು. ಆ ಪರ್ವತವೇ ಈಗಿನ ಕುಲೇನ್ ಬೆಟ್ಟವೆಂದು ಊಹಿಸಿದ್ದರೂ, ಅಲ್ಲಿದ್ದುದು ನಗರವೋ ಬಿಡಿ ದೇವಾಲಯಗಳೋ ಎಂಬುದು ಕಾಡಿನ ಮರೆಯಲ್ಲಿ ಸಂದಿಗ್ಧವಾಗಿಯೇ ಉಳಿದಿತ್ತು.

೨೦೧೨ರಲ್ಲಿ ಅಲ್ಲಿ ಹೆಲಿಕಾಪ್ಟರಿನಿಂದ ಲೇಸರ್ ಮಾಪನವು ನಡೆಯಿತು. ಅದರ ಕ್ರಮವಿದು: ಯಂತ್ರವು ಸೆಕೆಂಡಿಗೆ ಲಕ್ಷಕ್ಕೂ ಮಿಕ್ಕ ಬೆಳಕಿನ ಮಿಡಿತಗಳನ್ನು ಕೆಳಗೆ ಬಿಡುವುದು. ಪ್ರತಿಯೊಂದೂ ಹೋಗಿ ಬರುವ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿ ಅರ್ಧಿಸಿದರೆ ದೂರವು ಲಭಿಸುವುದು. ಹಲವು ಮಿಡಿತಗಳು ಎಲೆಗಳನ್ನು ತಾಗಿ ಹಿಂದಿರುಗುವುವು. ಎಲೆಗಳ ಸಂದಿನಲ್ಲಿ ನುಸುಳಿ ನೆಲವನ್ನು ಮುಟ್ಟಿದ ಕೆಲವನ್ನು ಮಾತ್ರ ಗಣಕಯಂತ್ರದಿಂದ ಆರಿಸಿಕೊಂಡರೆ, ಒಂದು ಮರವನ್ನೂ ಕಡಿಯದೆ ಬರಿಯ ನೆಲದ ರೂಪವು ಗೋಚರಿಸುವುದು.

ಹೀಗೆ ಗೋಚರಿಸಿದುವು ನೇರವಾದ ಮಾರ್ಗಗಳು, ಕಟ್ಟೆಗಳು, ಜಲಾಶಯಗಳು. ೨೦೧೫ರ ಮಾಪನವು ಈ ನಗರವಿನ್ಯಾಸವನ್ನು ಇನ್ನೂ ವಿಶದಪಡಿಸಿತು.

ಆದರೆ ಲೇಸರು ನಗರದ ಹೆಸರನ್ನು ಹೇಳದು, ಕಾಲವನ್ನೂ ಹೇಳದು. ಅದು ಉಬ್ಬುತಗ್ಗುಗಳನ್ನು ಮಾತ್ರ ಬಲ್ಲುದು. ಹೆಸರು ಶಾಸನದಿಂದ, ಕಾಲವು ಶಾಸನ ಉತ್ಖನನಗಳಿಂದ, ವಿಸ್ತಾರವು ಮಾಪನದಿಂದ ಸಿದ್ಧಿಸಬೇಕು. ಆದುದರಿಂದ ನೂತನ ಯಂತ್ರವು ಶಾಸನಪಂಡಿತನನ್ನು ಅನಾವಶ್ಯಕನನ್ನಾಗಿ ಮಾಡಲಿಲ್ಲ. ಅವನು ಓದಿದ ಒಂದು ಪದಕ್ಕೆ ನೆಲದ ಮೇಲೆ ಅರ್ಥವನ್ನು ತೋರಿಸಿತು.